ಯುದ್ಧವಿಮಾನವೂ ಅಮ್ಮನ ಗ್ರೈಂಡರೂ

ಬೆಳಗ್ಗೆ ಅಂಗಡಿಯಿಂದ ತಂದ ದೋಸೆ ಹಿಟ್ಟಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತಿದ್ದೆ. ಹುದುಗಿದ ಹಿಟ್ಟಿನ ಹುಳಿವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲೇ ಬಿದ್ದಿದ್ದ ಪತ್ರಿಕೆಯಲ್ಲಿ ನಮ್ಮ ದೇಶ ಹೊರಗಿನಿಂದ ಯುದ್ಧವಿಮಾನ ಕೊಳ್ಳುವ ಸುದ್ದಿ. ಇವೆರಡಕ್ಕೂ ಏನು ನಂಟು ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಬೆಳೆದಿದ್ದರೆ ಕೇಳುತ್ತಿರಲಿಲ್ಲ.

ಆಗ ನಾವು ಮೈಸೂರಿನ ರಾಮಕೃಷ್ಣನಗರದಲ್ಲಿದ್ದೆವು. ಅಪ್ಪ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸಗಾರರು. ಕೈಯಲ್ಲಿ ಮಾಡಬಹುದಾದದ್ದನ್ನು ದುಡ್ಡು ಕೊಟ್ಟು ತರುವುದೆಂದರೆ ಅವರಿಗೆ ಅವಮಾನ. ಬಟ್ಟೆ ಒಣಹಾಕುವ ಸ್ಟ್ಯಾಂಡು ಅವರದೇ, ನಾನು ಓದುವ ಮೇಜೂ ಅವರದೇ. ಆ ಮೇಜು ಬರೆಯುವಾಗ ಅಲ್ಲಾಡುತ್ತಿತ್ತು. ನನ್ನ ಕೆಟ್ಟ ಅಕ್ಷರಕ್ಕೆ ಇವತ್ತಿಗೂ ಅದನ್ನೇ ದೂರುತ್ತೇನೆ.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಬೀದಿಯ ಮನೆಗಳಿಗೆಲ್ಲ ಕೊಯಮತ್ತೂರಿನ ಗ್ರೈಂಡರ್ ಬರತೊಡಗಿತು. ಅಮ್ಮನೂ ಮೆಲ್ಲಗೆ ಕೇಳಿದಳು.

"ಕೊಂಡ್ಕೊಳೋದ್ಯಾಕೆ? ನಾನೇ ಮಾಡ್ಕೊಡ್ತೀನಿ ಬುಡು" ಎಂದರು ಅಪ್ಪ.

ಉದಯಗಿರಿಯ ಗುಜರಿ ಅಂಗಡಿಯಿಂದ ಹಳೇ ಮೋಟಾರೊಂದು ಬಂತು. ಕಲ್ಲು, ಡ್ರಮ್ಮು, ಬೆಲ್ಟು ಒಂದೊಂದಾಗಿ ಸೇರಿದವು. ಭಾನುವಾರ ಬಂದರೆ ಹಿತ್ತಿಲಲ್ಲಿ ಅಪ್ಪನ ಸುತ್ತಿಗೆಯ ಸದ್ದು. ಮೊದಲ ಸಲ ಸ್ವಿಚ್ ಹಾಕಿದ ದಿನ ಡ್ರಮ್ಮು ಎಂಥ ವೇಗದಲ್ಲಿ ತಿರುಗಿತೆಂದರೆ, ಉದ್ದಿನ ಹಿಟ್ಟೆಲ್ಲ ಎಗರಿ ಗೋಡೆಗೆ ಅಂಟಿಕೊಂಡಿತು. ಅಪ್ಪನ ಮೀಸೆಯೂ ಬೆಳ್ಳಗಾಯಿತು. ಎರಡನೆಯ ಸಲ ನಮ್ಮ ಮನೆಯದಷ್ಟೇ ಅಲ್ಲ, ಪಕ್ಕದ ಮನೆಯ ಕರೆಂಟೂ ಹೋಯಿತು. "ಇನ್ನೇನು, ಆಗೇ ಹೋಯ್ತು" ಎನ್ನುತ್ತಲೇ ಒಂದು ಯುಗಾದಿ ಕಳೆಯಿತು, ಇನ್ನೊಂದೂ ಕಳೆಯಿತು.

ಇತ್ತ ಒರಳುಕಲ್ಲಿನಲ್ಲಿ ರುಬ್ಬಿ ರುಬ್ಬಿ ಅಮ್ಮನ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ತುಂಬಿದ ಕೊಡ ಎತ್ತಲು ಆಗುತ್ತಿರಲಿಲ್ಲ, ನನ್ನ ಜಡೆ ಹೆಣೆಯುವಾಗ ನಡುವೆ ನಿಲ್ಲಿಸಿ ಕೈ ಕೊಡವುತ್ತಿದ್ದಳು. ಡಾಕ್ಟರು ರುಬ್ಬುವುದನ್ನು ಬಿಡಿ ಎಂದರು. ಬಿಡುವುದು ಹೇಗೆ? ಅಪ್ಪನಿಗೆ ದೋಸೆ ಇಲ್ಲದ ಬೆಳಗು ಬೆಳಗೇ ಅಲ್ಲ. ನಾನು ಸಹಾಯಕ್ಕೆ ಕೂತೆ. ನಾನು ರುಬ್ಬಿದ ಹಿಟ್ಟಿನಲ್ಲಿ ಅಕ್ಕಿಕಾಳುಗಳು ಇದ್ದ ಹಾಗೇ ಇರುತ್ತಿದ್ದವು. ಅಮ್ಮ ನಗುತ್ತ ನನ್ನನ್ನು ಎಬ್ಬಿಸಿ, ಎಡಗೈಯಲ್ಲಿ ತಿರುಗಿಸಲು ಕೂರುತ್ತಿದ್ದಳು. ಅದನ್ನು ನೋಡುವಾಗ ನನಗೆ ಅಪ್ಪನ ಮೇಲೆ ಕೋಪವೇ ಬರುತ್ತಿತ್ತು.

ಆ ದಿನಗಳಲ್ಲೇ ದೇಶ ಹೊರಗಿನಿಂದ ಯುದ್ಧವಿಮಾನ ತರಿಸುವ ಮಾತು ಪತ್ರಿಕೆಯಲ್ಲಿ ಬಂದದ್ದು. ಎದುರುಮನೆಯ ಮಹದೇವಪ್ಪ ಮೇಷ್ಟ್ರು ಸಂಜೆ ನಮ್ಮ ಜಗಲಿಗೆ ಬಂದವರೇ ಪತ್ರಿಕೆ ಕುಕ್ಕಿ ಕೂತರು.

"ಅಲ್ಲ ಕಣ್ರೀ, ಬೆಂಗಳೂರಲ್ಲೇ ವಿಮಾನದ ಕಾರ್ಖಾನೆ ಇಟ್ಕೊಂಡು ಇನ್ನೊಬ್ರ ಮನೆ ಬಾಗ್ಲು ತಟ್ಟೋದ್ಯಾಕೆ? ನಮ್ಮೋರಿಗೆ ಮಾಡೋಕ್ಬರಲ್ವಾ?"

ಅಪ್ಪ ಇಂಥ ಪ್ರಶ್ನೆಗೇ ಕಾಯುತ್ತಿದ್ದವರಂತೆ ನೆಟ್ಟಗೆ ಕೂತರು. "ಮಾಡ್ತಾರೆ ಮೇಷ್ಟ್ರೇ, ಯಾಕೆ ಮಾಡಲ್ಲ? ಆದ್ರೆ ಅದರ ಎಂಜಿನ್ ಇದ್ಯಲ್ಲ, ಆ ಶಾಖ ತಡೆಯೋ ಲೋಹ ಮಾಡೋದೇ ದೊಡ್ಡ ವಿದ್ಯೆ. ಕಲಿಯೋಕೆ ವರ್ಷಗಟ್ಲೆ ಬೇಕು, ಹಾರಿಸಿ ಪರೀಕ್ಷೆ ಮಾಡೋಕೆ ಇನ್ನೊಂದಷ್ಟು ವರ್ಷ. ನಮ್ದು ರೆಡಿಯಾಗ್ಲಿ ಅಂತ ಗಡಿಯಾಚೆಯೋನು ಸುಮ್ನೆ ಕೂತಿರ್ತಾನಾ? ಅಲ್ಲಿವರ್ಗೂ ಹಳೇ ವಿಮಾನದಲ್ಲಿ ಹುಡುಗ್ರನ್ನ ಕೂರ್ಸಿ ಕಳಿಸ್ತೀರಾ? ಅವ್ರ ಜೀವ ಜೀವ ಅಲ್ವಾ? ಅದಕ್ಕೇ ಈಗ ಕೊಂಡ್ಕೋಬೇಕು. ಕೊಳ್ಳುವಾಗ್ಲೇ ರಿಪೇರಿ ಮಾಡೋದನ್ನೂ ಕಲ್ಸಿಕೊಡಿ ಅಂತ ಕರಾರು ಹಾಕ್ಬೇಕು. ಪಕ್ಕದಲ್ಲಿ ನಮ್ದೂ ನಡೀತಿರ್ಬೇಕು. ಇದ್ರಲ್ಲಿ ಅವಮಾನ ಏನ್ ಬಂತು?"

ಮೇಷ್ಟ್ರು ತಲೆದೂಗಿದರು. ನಾನಂತೂ ಅಪ್ಪನನ್ನು ಮಂತ್ರಿ ಮಾಡಬೇಕೆಂದುಕೊಂಡೆ. ಅಷ್ಟರಲ್ಲಿ ಅಮ್ಮ ಕಾಫಿ ತಂದಳು. ಎಡಗೈಯಲ್ಲಿ ಒಂದೊಂದೇ ಲೋಟ, ಎರಡು ಸಲ ಒಳಗೂ ಹೊರಗೂ ಓಡಾಡಿ. ಬಲಗೈಗೆ ಅರಿಶಿನದ ಪಟ್ಟು. ಲೋಟ ಇಟ್ಟು, ಅತ್ಯಂತ ವಿನಯದಿಂದ ಕೇಳಿದಳು:

"ಏನ್ರೀ, ನಿಮ್ಮ ಗ್ರೈಂಡರ್ ರೆಡಿಯಾಗೋವರ್ಗೂ ಇಲ್ಲಿ ರುಬ್ಬೋರು ಯಾರು ಅಂತೀರಿ?"

ಮೇಷ್ಟ್ರಿಗೆ ಕಾಫಿ ನೆತ್ತಿಗೇರಿತು. ಅಪ್ಪ ಅಮ್ಮನ ಕೈಯನ್ನು ನೋಡಿದರು. ದಿನವೂ ನೋಡುತ್ತಿದ್ದ ಕೈಯೇ, ಆದರೆ ಅವತ್ತು ಬಹಳ ಹೊತ್ತು ನೋಡಿದರು.

ಮಾರನೆಯ ದಿನವೇ ನನ್ನನ್ನೂ ಕರೆದುಕೊಂಡು ಗ್ರೈಂಡರ್ ಅಂಗಡಿಗೆ ಹೋದರು. ಸೋತು ಹೋದವರಂತೆ ಹೋದರು ಎಂದುಕೊಳ್ಳಬೇಡಿ. ಮುಚ್ಚಳ ಬಿಚ್ಚಿ ತೋರಿಸಿ, ಬೆಲ್ಟು ಹೇಗೆ ಕೂರುತ್ತೆ ಹೇಳಿ, ತಿರುಪು ಎಲ್ಲೆಲ್ಲಿವೆ ಹೇಳಿ ಎಂದು ಅಂಗಡಿಯವರ ಜೀವ ಹಿಂಡಿದರು.

"ಸಾರ್, ನೀವು ಗ್ರೈಂಡರ್ ತಗೊಳೋಕೆ ಬಂದಿದ್ದೀರೋ, ಅಂಗಡಿ ತಗೊಳೋಕ್ ಬಂದಿದ್ದೀರೋ?" ಎಂದು ಅವರು ಕೈಮುಗಿದರು.

ಅಮ್ಮನ ಕೈಯ ಊತ ನಿಧಾನವಾಗಿ ಇಳಿಯಿತು. ಮುಂದೆ ಯಾವುದೋ ಹಬ್ಬದ ಹಿಂದಿನ ದಿನ ಹೊಸ ಗ್ರೈಂಡರಿನಲ್ಲಿ ಬೆಲ್ಟು ಸುತ್ತುವ ಗಾಲಿಯೊಂದು ಬಿರುಕು ಬಿಟ್ಟಾಗ, ಅದು ಕೊಯಮತ್ತೂರಿನಿಂದಲೇ ಬರಬೇಕು ಎಂದುಬಿಟ್ಟರು ಅಂಗಡಿಯವರು. ಅಪ್ಪನ ಸಂತೋಷ ಹೇಳತೀರದು. ಪರಿಚಯದವರ ವರ್ಕ್‌ಶಾಪಿಗೆ ಓಡಿ, ಲೇತಿನ ಮೇಲೆ ತಾವೇ ಗಾಲಿ ಕಡೆದು ತಂದು ಕೂರಿಸಿದರು. ಆಮೇಲೆ ಹಬ್ಬದೂಟಕ್ಕೆ ಬಂದವರಿಗೆಲ್ಲ ಪಾಯಸಕ್ಕಿಂತ ಮೊದಲು ಆ ಗಾಲಿಯನ್ನೇ ತೋರಿಸಿದರು.

ಹಿತ್ತಿಲಿನ ಕೆಲಸ ಮಾತ್ರ ನಿಲ್ಲಲಿಲ್ಲ. ಹೊಸ ಶತಮಾನವೂ ಬಂತು, ನಾನು ಕೆಲಸಕ್ಕೆ ಸೇರಿದೆ. ಒಂದು ಭಾನುವಾರ ಅಪ್ಪನ ಗ್ರೈಂಡರ್ ಗುರ್ ಎಂದು ಶುರುವಾಗಿ, ಗೋಡೆಗೆ ಒಂದು ತೊಟ್ಟೂ ಹಾರಿಸದೆ, ಹೂವಿನಂಥ ಹಿಟ್ಟು ಕೊಟ್ಟಿತು. ಸದ್ದಿಗೆ ಮೇಷ್ಟ್ರೂ ಓಡಿಬಂದರು. ಅಮ್ಮ ಬೆರಳಲ್ಲಿ ಹಿಟ್ಟು ಮುಟ್ಟಿ ನೋಡಿದಳು. ಅವಳ ಕಣ್ಣು ತುಂಬಿತ್ತು. ಶಬ್ದ ತಾಳಲಾರದೆ ಇರಬೇಕು ಎಂದುಕೊಂಡೆ ನಾನು, ದಡ್ಡಿ.

ಇವತ್ತು ದೋಸೆ ತಿಂದು ಅಮ್ಮನಿಗೆ ಫೋನ್ ಮಾಡಿದೆ. ಅಪ್ಪ ದೂರದಲ್ಲಿ ಏನನ್ನೋ ಕುಟ್ಟುವ ಸದ್ದು ಕೇಳುತ್ತಿತ್ತು. "ಅವತ್ತು ಅಪ್ಪನ ಬಾಯಿ ಚೆನ್ನಾಗಿ ಮುಚ್ಚಿಸಿದೆ ಬಿಡಮ್ಮ" ಎಂದು ನಕ್ಕೆ. ಇಷ್ಟು ವರ್ಷವೂ ನಾನು ಅಮ್ಮ ಗೆದ್ದಳು, ಅಪ್ಪ ಸೋತರು ಎಂದೇ ಈ ಕಥೆಯನ್ನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಅಮ್ಮ ನಗಲಿಲ್ಲ.

"ಅಂಗಲ್ಲ ಕಣಮ್ಮ. ನಿಮ್ಮಪ್ಪ ಮಾಡಿದ್ರಲ್ಲೇ ರುಬ್ಬಬೇಕು ಅಂತ ನಂಗೂ ಆಸೆ ಇತ್ತು. ಕೈ ಕೇಳ್ಲಿಲ್ಲ ಅಷ್ಟೇ. ಅಂಗಡೀದು ತಂದ್ರು ನೋಡು, ಅದಕ್ಕೇ ಅವ್ರದ್ದು ಬರೋವರ್ಗೂ ಕಾಯೋಕಾಯ್ತು."