ಗಾಜಿನ ಕೋಣೆಯ ಯಂತ್ರ ಮತ್ತು ಪ್ರೇಮಾಬಾಯಿ

ಪ್ರೇಮಾಬಾಯಿಗೆ ಬರೀ ಮಾತಿನ ಮೇಲೆ ನಂಬಿಕೆ ಇಲ್ಲ. ಅದು ಹುಟ್ಟುಗುಣವೋ, ಕೆಲಸ ಕಲಿಸಿದ್ದೋ ನನಗೆ ಗೊತ್ತಿಲ್ಲ. ಯೆಣೆಗೂರಿನ ಒಕ್ಕಲು ಮನೆತನದಿಂದ ಮದುವೆಯಾಗಿ ಉದಗೀರಕ್ಕೆ ಬಂದ ಎರಡನೆಯ ವರ್ಷ ಅವರು ನಮ್ಮ ಬೀಜದ ಕಂಪನಿಯಲ್ಲಿ ಕಾಳು ಎಣಿಸಲು ಸೇರಿದರು. ಪ್ರತಿ ಲಾಟಿನ, ಅಂದರೆ ಒಟ್ಟಿಗೆ ಬಂದ ಒಂದೊಂದು ರಾಶಿಯ, ಸೋಯಾಬೀನಿನಿಂದ ನೂರು ನೂರು ಕಾಳು ತೆಗೆದು ತೇವದ ಮರಳಿನ ತಟ್ಟೆಯಲ್ಲಿ ಊರುವುದು, ಎಂಟನೆಯ ದಿನ ಎಷ್ಟು ಮೊಳೆತವು ಎಂದು ಬರೆಯುವುದು. ನೂರಕ್ಕೆ ಎಪ್ಪತ್ತಾದರೂ ಮೊಳೆಯದ ಲಾಟು ಹೊರಗೆ ಹೋಗುವಂತಿಲ್ಲ. ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಹಿಂದೆ ಸರಿದರು, ಇವರು ಟೈಪಿಂಗ್ ಕಲಿತು ಮುಂದೆ ಕೂತರು. ಐವತ್ತರ ಹೊತ್ತಿಗೆ ಕಂಪನಿಯ ದಾಖಲೆ ಪೂರ್ತಿ ಅವರ ಕೈಯಲ್ಲಿತ್ತು. ಯಾವ ಬೀಜ ದಾಳಿಂಬ ಊರಿನ ಯಾರ ಹೊಲದ್ದು, ಯಾವ ಗೋದಾಮಿನಲ್ಲಿದೆ, ಎಷ್ಟು ಮೊಳೆತಿದೆ, ಎಲ್ಲ.

ನಾನು ನಿಲಂಗಾ ಗೋದಾಮಿನ ಉಸ್ತುವಾರಿ. ಈ ಕಥೆಯಲ್ಲಿ ನಾನು ಮಾಡಿದ್ದು ಏನೂ ಇಲ್ಲ. ಒಂದು ಸಲ ನಕ್ಕೆ, ಆಮೇಲೆ ನಾಚಿಕೊಂಡೆ.

ಆ ವರ್ಷದ ಮಾರ್ಚ್‌ನಲ್ಲಿ ದಾಖಲೆ ಇಟ್ಟ ಹಳೆಯ ಯಂತ್ರದ ಒಂದು ಡಿಸ್ಕ್ ಕೆಟ್ಟು ಮೂರು ದಿನ ಕೆಲಸ ನಿಂತಿತು. ಹೊಸದು ತರೋಣ ಎಂದರು ನಮ್ಮ ಸಾವಕಾರರು, ವೈಜನಾಥಪ್ಪ. ಆರಿಸುವ ಹೊಣೆಯನ್ನು ಅಳಿಯ ಅಮರನಾಥನಿಗೆ ಕೊಟ್ಟರು. ಅಮರನಾಥನಿಗೆ ಕಂಪ್ಯೂಟರ್ ಬಗ್ಗೆ ಏನು ಗೊತ್ತಿತ್ತು ಎಂದು ಕೇಳಬೇಡಿ. ಅವನ ಹತ್ತಿರ ಎರಡು ಫೋನಿದ್ದವು, ಮಾತಿನಲ್ಲಿ ಇಂಗ್ಲಿಷ್ ಇತ್ತು, ಸಾವಕಾರರ ಮಗಳು ಅವನ ಮನೆಯಲ್ಲಿದ್ದಳು. ಇಷ್ಟು ಅರ್ಹತೆ ನಮ್ಮಲ್ಲಿ ಸಾಕು.

ಪುಣೆಯ ಒಂದು ಅಂಗಡಿಯಿಂದ ಕೈಲಾಸ ಎಂಬ ಮಾರಾಟಗಾರ ಬಂದ. ಮೂಲ ಭಾಲ್ಕಿ ಕಡೆಯವನು, ನಮ್ಮ ಮಾತೇ ಬರುತ್ತಿತ್ತು. ಅವನು ಎರಡು ದಾರಿ ತೋರಿಸಿದ. ಒಂದು, ಆಳೆತ್ತರದ ಫ್ಲ್ಯಾಶ್ ಸ್ಟೋರೇಜ್. ತಿರುಗುವ ಡಿಸ್ಕಿಲ್ಲ, ಎಲ್ಲವೂ ಚಿಪ್‌ಗಳ ಮೇಲೆ, ಕಣ್ಣು ಮಿಟುಕಿಸುವಷ್ಟರಲ್ಲಿ ಫೈಲು ತೆರೆಯುತ್ತದೆ. ಇನ್ನೊಂದು, ಅದೇ ಜಾತಿಯ ಚಿಕ್ಕ ಯಂತ್ರಗಳೆರಡು. ಒಂದು ಉದಗೀರದಲ್ಲಿ, ಒಂದು ನಿಲಂಗಾದಲ್ಲಿ. ಎರಡನೆಯದರಲ್ಲಿ ಬೀಳುವ ನಕಲನ್ನು ನಿಗದಿಯಾದ ದಿನಗಳವರೆಗೆ ಯಾರೂ ಅಳಿಸಲಾಗದು. ಇದನ್ನು ಅವನು ಬೇಗ ಬೇಗ ಹೇಳಿ ಮುಗಿಸಿದ. ಅವನು ತಂದ ಪುಸ್ತಿಕೆಯಲ್ಲಿ ಅದರ ಚಿತ್ರ ಚೆನ್ನಾಗಿರಲಿಲ್ಲ.

ಸಭೆಯಲ್ಲಿ ಪ್ರೇಮಾಬಾಯಿ ಒಂದೇ ಪ್ರಶ್ನೆ ಕೇಳಿದರು.

"ಫೈಲ್ ಲಗೂ ತೆರೀತದ ಅಂದ್ರಿ, ಛಲೋ ಆತು. ಎಲ್ಲಾ ಹೋತಂದ್ರ ಎಷ್ಟ್ ತಾಸಿನ್ಯಾಗ ವಾಪಸ್ ಬರ್ತದ? ಯಾವ ದಿನದ ತನಕಾ ಬರ್ತದ?"

ಕೈಲಾಸ ಅಮರನಾಥನ ಮುಖ ನೋಡಿದ. ಅಮರನಾಥ ನಕ್ಕ. "ಬಾಯಿ, ಇದು ಫ್ಲ್ಯಾಶ್ ಅದಾರೀ. ತಿರಗೂ ಸಾಮಾನೇ ಇಲ್ಲ ಅಂದ್ಮ್ಯಾಲ ಕೆಡೂದೇನು? ತಾಸಿಗೊಮ್ಮೆ ಅದ್ರಾಗೇ ನಕಲ್ ಇಟ್ಕೊಂತದ."

"ಅದ್ರಾಗೇ ಇಟ್ಕೊಂತದಲ್ಲಾ, ಅದಕ್ಕೇ ಕೇಳ್ಲತ್ತೀನಿ. ನಮ್ ಎದುರಿಗೇ ಒಂದ್ ಸಲಾ ಎಲ್ಲಾ ಅಳಿಸಿ ವಾಪಸ್ ತಂದು ತೋರಸ್ರಿ. ಆಮ್ಯಾಲ ತಗೊಳ್ಳೂಣು."

"ಹೊಸಾ ಗಾಡಿ ತಗೋಳಾಗ ಮೊದಲ ಅಪಘಾತ ಮಾಡಿ ತೋರಸು ಅಂತೀರೇನು?" ಎಂದ ಅಮರನಾಥ. ಎಲ್ಲರೂ ನಕ್ಕರು. ನಾನು ನಕ್ಕದ್ದು ಆಗಲೇ.

ದೊಡ್ಡ ಯಂತ್ರವೇ ಬಂತು. ಅದಕ್ಕೆಂದು ಗಾಜಿನ ಕೋಣೆ ಕಟ್ಟಿಸಿದರು. ನೀಲಿ ದೀಪಗಳು ರಸ್ತೆಯಿಂದ ಕಾಣಲಿ ಎಂದು ಕೋಣೆ ಮುಂಭಾಗಕ್ಕೇ ಬಂತು. ಬಂದ ಬೀಗರಿಗೆಲ್ಲ ಅಮರನಾಥ ಅದನ್ನು ತೋರಿಸುತ್ತಿದ್ದ. ಅದರೊಳಗೆ ಏನಿದೆ ಎಂದು ಬೀಗರು ಕೇಳಲಿಲ್ಲ, ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಮೇ ತಿಂಗಳ ಮೊದಲಲ್ಲೇ ಇನ್ನೊಂದು ಹುಕುಂ ಹೊರಟಿತು: ಇನ್ನು ಮುಂದೆ ಕಾಗದವಿಲ್ಲದ ಕಚೇರಿ, ಮೊಳಕೆ ಎಣಿಸಿದ ಚೀಟಿಗಳನ್ನು ಕಂಪ್ಯೂಟರಿಗೆ ಹಾಕಿದ ಕೂಡಲೇ ಹರಿದು ಬಿಸಾಡಿ.

ಪ್ರೇಮಾಬಾಯಿ ಜಗಳಾಡಲಿಲ್ಲ. ರದ್ದಿಗೆ ಹೋಗಬೇಕಿದ್ದ ಹಳೆಯ ಯಂತ್ರಕ್ಕೆ ಹೊಸ ಡಿಸ್ಕ್ ಹಾಕಿಸಿ, ಸಾವಕಾರರಿಂದ "ಒಯ್ರಿ, ಏನರೆ ಮಾಡ್ಕೋರಿ" ಅನಿಸಿಕೊಂಡು, ಎಸ್‌ಟಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ನಿಲಂಗಾಕ್ಕೆ ತಂದರು. ನನ್ನ ಮೇಜಿನ ಪಕ್ಕ ಅದಕ್ಕೊಂದು ಜಾಗ ಮಾಡಿದೆವು. ಪ್ರತಿ ಶನಿವಾರ ಬಂದು ಉದಗೀರದ ದಾಖಲೆಯನ್ನೆಲ್ಲ ಅದಕ್ಕೆ ನಕಲು ಮಾಡುವರು, ಮುಗಿದ ಮೇಲೆ, ಹೊರಗಿನ ಯಾರ ಕೈಗೂ ಸಿಗದಿರಲಿ ಎಂದು, ಎಲ್ಲ ವೈರು ಕಿತ್ತಿಡುವರು. ತಿಂಗಳಿಗೊಮ್ಮೆ ಆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಕಣ್ಣಿಗೆ ಬಿದ್ದ ಮೂವತ್ತು ಲಾಟುಗಳನ್ನು ಉಳಿದ ಹಳೆಯ ಚೀಟಿಗಳೊಂದಿಗೆ ತಾಳೆ ನೋಡುವರು. ಅಮರನಾಥ ಅದಕ್ಕೆ "ಬಾಯಿಯ ಮ್ಯೂಸಿಯಂ" ಎಂದು ಹೆಸರಿಟ್ಟ.

ಜೂನ್ ಮೊದಲ ವಾರದ ಗುರುವಾರ. ಮಳೆ ಹತ್ತಿರ ಬಂದಿತ್ತು, ಬಿತ್ತನೆಯ ಬೀಜಕ್ಕೆ ಉಮರ್ಗಾ ಕಡೆಯ ಗಾಡಿಗಳು ಸಾಲು ಹಿಡಿದಿದ್ದವು. ಅಮರನಾಥನಿಗೆ ಪಾರ್ಸೆಲ್ ಬಂದಿದೆ ಎಂದು ಒಂದು ಮೇಲ್ ಬಂತು. ಯಾವ ಪಾರ್ಸೆಲ್ ಎಂದು ಯೋಚಿಸದೆ ಅದರಲ್ಲಿದ್ದ ಲಿಂಕ್ ಒತ್ತಿದ. ಯಂತ್ರವನ್ನು ಆಳುವ ಪಾಸ್‌ವರ್ಡ್ ಅದೇ ಕಂಪ್ಯೂಟರಿನಲ್ಲಿ ಉಳಿಸಿಟ್ಟಿದ್ದ. ಊಟದ ಹೊತ್ತಿಗೆ ಒಂದು ಫೈಲೂ ತೆರೆಯಲಿಲ್ಲ. ಎಲ್ಲಕ್ಕೂ ಯಾರೋ ಬೀಗ ಹಾಕಿದ್ದರು. ಯಂತ್ರ ತನ್ನೊಳಗೇ ಇಟ್ಟುಕೊಂಡಿದ್ದ ನಕಲುಗಳನ್ನೂ ಅದೇ ಪಾಸ್‌ವರ್ಡಿನಿಂದ ಅಳಿಸಿದ್ದರು. ನೀಲಿ ದೀಪಗಳು ಮಾತ್ರ ಉರಿಯುತ್ತಿದ್ದವು.

ಕೈಲಾಸನಿಗೆ ಫೋನು ಹೋಯಿತು. "ಯಂತ್ರ ಬರೋಬರ್ ಅದಾರೀ. ಒಂದ್ ಚಿಪ್ಪೂ ಕೆಟ್ಟಿಲ್ಲ," ಎಂದ. ಇಂಥ ಸಮಾಧಾನ ಹೇಳಲು ಅವನಿಗೆ ಸಂಬಳ ಕೊಡುವವರೂ ಇದ್ದಾರೆ.

ಪ್ರೇಮಾಬಾಯಿ ಮುಂದಿನ ಬಸ್ಸಿಗೆ ನಿಲಂಗಾಕ್ಕೆ ಬಂದರು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. "ಬಂದೀತಾ?" ಎಂದೆ. "ಹೋದ ತಿಂಗಳ ಬಂದಿತ್ತಲ್ಲ, ಬರ್ತದ," ಎಂದು ಕೂತರು. ನಾಲ್ಕು ತಾಸಿಗೆ ಶನಿವಾರದವರೆಗಿನ ದಾಖಲೆ ಪೂರ್ತಿ ಎದ್ದು ನಿಂತಿತು. ಮರುದಿನ ದಾಖಲೆ ಸಿಕ್ಕ ಬೀಜದ ಗಾಡಿಗಳು ಹೊರಟವು.

ಆದರೆ ಶನಿವಾರದಿಂದ ಗುರುವಾರದ ನಡುವೆ ಎಣಿಸಿದ್ದು ಹೋಗಿತ್ತು. ಬಹಳಷ್ಟು ಚೀಟಿಗಳನ್ನು ಲ್ಯಾಬಿನ ಹೆಂಗಸರು ಹುಕುಂ ಲೆಕ್ಕಿಸದೆ ಡಬ್ಬದಲ್ಲಿ ಉಳಿಸಿದ್ದರು. ಹದಿನಾಲ್ಕು ಲಾಟುಗಳ ಚೀಟಿ ಮಾತ್ರ ಹರಿದುಹೋಗಿದ್ದವು. ಸಾವಕಾರರು ಪ್ರೇಮಾಬಾಯಿಯನ್ನು ಕರೆಸಿದರು. ಅಮರನಾಥ ಪಕ್ಕದಲ್ಲಿ ಕೂತಿದ್ದ.

"ಎಲ್ಲಕ್ಕೂ ಎಪ್ಪತ್ತೈದು ಅಂತ ಬರದ್ ಬಿಡ್ರಿ ಬಾಯಿ. ಮಂದಿ ಬಾಗಲಾಗ ನಿಂತಾರ," ಎಂದರು ಸಾವಕಾರರು.

"ಬರೀಲಾಕ ಆಗೂದಿಲ್ರೀ ಮಾಲಕ್ರೇ. ಮತ್ತ ಮರಳಾಗ ಹಾಕ್ತೀನಿ. ಎಂಟ್ ದಿನ ಕೊಡ್ರಿ."

"ಅಷ್ಟರಾಗ ಮಳಿ ಬರ್ತದ! ಬೀಜ ಛಲೋನೇ ಇದ್ದೀತು," ಎಂದ ಅಮರನಾಥ.

"ಇದ್ದೀತು ಅಂತ ಚೀಲದ ಮ್ಯಾಲ ಬರೀತೀರೇನು? ಬರದು ನಿಮ್ ಸಹಿ ಹಾಕ್ರಿ. ನಂದು ಹಾಕೂದಿಲ್ಲ."

ಸಾವಕಾರರು ಪೆನ್ನನ್ನು ಅಳಿಯನ ಕಡೆ ಸರಿಸಿದರು. ಅಳಿಯನಿಗೆ ಅದೇ ಹೊತ್ತಿಗೆ ಒಂದು ಫೋನು ಬಂತು. ಎದ್ದು ಹೊರಗೆ ಹೋದವನು ಸಂಜೆಯವರೆಗೆ ಕಾಣಲಿಲ್ಲ.

ಎಂಟನೆಯ ದಿನ ಎಣಿಸಿದಾಗ ಹದಿನಾಲ್ಕರಲ್ಲಿ ಹನ್ನೊಂದು ಪಾಸಾದವು. ಮೂರರಲ್ಲಿ ನೂರಕ್ಕೆ ಐವತ್ತೂ ಮೊಳೆತಿರಲಿಲ್ಲ. ಆ ಮೂರು ಲಾಟು ಔರಾದ ಶಹಾಜನಿಯ ಅಂಗಡಿಗಳಿಗೆ ಹೋಗಬೇಕಿದ್ದವು. ಹೋಗಿದ್ದರೆ ಎಷ್ಟು ಮನೆಗಳ ಹಂಗಾಮು ಮಣ್ಣುಪಾಲಾಗುತ್ತಿತ್ತೋ. ಸಾವಕಾರರು ಆ ಮೂರು ಚೀಟಿಗಳನ್ನು ಎರಡೆರಡು ಸಲ ಓದಿ, ಪ್ರೇಮಾಬಾಯಿಗೆ ಚಹಾ ತರಿಸಿದರು.

ಮಳೆಗಾಲ ಮುಗಿಯುವ ಮೊದಲೇ ಇನ್ನೊಂದು ಸಭೆ ನಡೆಯಿತು. ಈ ಸಲ ಪ್ರೇಮಾಬಾಯಿಗೆ ಮೇಜಿನ ಮುಂದಿನ ಕುರ್ಚಿ ಸಿಕ್ಕಿತು. ಅವರು ಹೇಳಿದ್ದೆಲ್ಲ ತೀರ್ಮಾನವಾಯಿತು: ನಿಲಂಗಾಕ್ಕೆ ಎರಡನೆಯ ಫ್ಲ್ಯಾಶ್ ಯಂತ್ರ, ಅಳಿಸಲಾಗದ ನಕಲು, ಇಬ್ಬರು ಕೂಡಿಯೇ ತೆರೆಯಬಹುದಾದ ಪಾಸ್‌ವರ್ಡ್, ವೈರು ಕಿತ್ತಿಡುವ ಮೂರನೆಯ ನಕಲು. ಖರೀದಿಯ ಸಹಿಗೆ ಮೊದಲು ಪ್ರೇಮಾಬಾಯಿ ಕೈಲಾಸನನ್ನು ನಿಲ್ಲಿಸಿ, ಒಂದು ವರ್ಷದ ದಾಖಲೆಯ ನಕಲು ಹಾಕಿಸಿ, ಅವನ ಕೈಯಿಂದಲೇ ಅಳಿಸಿಸಿದರು. ಅವನು ಬೆವರುತ್ತಾ ವಾಪಸು ತರುವವರೆಗೆ ಗಡಿಯಾರ ನೋಡುತ್ತಾ ಕೂತರು. ಮೊದಲ ಸಲ ಬರಲಿಲ್ಲ. ಎರಡನೆಯ ಸಲವೂ ಅರ್ಧವೇ ಬಂತು. ಮೂರನೆಯ ಸಲ ಪೂರ್ತಿ ಬಂತು, ಐವತ್ತು ನಿಮಿಷಕ್ಕೆ.

"ಬಾಯಿ, ಇಷ್ಟು ವರ್ಷದಾಗ ಹಿಂಗ ಮಾಡಿ ತೋರಸು ಅಂತ ಯಾರೂ ಕೇಳಿದ್ದಿಲ್ರಿ," ಎಂದ ಕೈಲಾಸ.

"ಮತ್ತ ಇಷ್ಟು ವರ್ಷ ಏನ್ ಮಾರಿದ್ರಿ?" ಎಂದರು ಪ್ರೇಮಾಬಾಯಿ.

ದೀಪಾವಳಿಗೆ ಕಂಪನಿಯ ಬಣ್ಣದ ಪುಸ್ತಕ ಬಂತು. ಮೂರನೆಯ ಪುಟದಲ್ಲಿ ಅಮರನಾಥ ಗಾಜಿನ ಕೋಣೆಯ ಎದುರು ಕೈಕಟ್ಟಿ ನಿಂತ ಫೋಟೋ, ಕೆಳಗೆ "ಸಂಕಟದಲ್ಲೂ ನಿಲ್ಲದ ಸೇವೆ" ಎಂದು ಮರಾಠಿಯಲ್ಲಿ ಒಂದು ಸಾಲು. ನನಗೆ ಸಿಟ್ಟು ಬಂದು ಪ್ರೇಮಾಬಾಯಿಗೆ ಫೋನು ಮಾಡಿದೆ.

"ನೋಡೀನ್ರಿ. ಶರಟ್ ಛಲೋ ಅದ," ಎಂದರು. ಆಮೇಲೆ, ತೊಗರಿ ಲಾಟಿನ ದಾಖಲೆಯ ನಕಲನ್ನು ಈ ಶನಿವಾರ ನಾನೇ ಮಾಡಿ ನೋಡಬೇಕೆಂದೂ ತಾವು ದೂರ ಕೂತು ನೋಡುವುದಾಗಿಯೂ ಹೇಳಿದರು. ಒಬ್ಬರಿಗೇ ಬರುವ ಕೆಲಸವನ್ನು ಅವರು ಕೆಲಸ ಎಂದು ಒಪ್ಪುವುದಿಲ್ಲ. ನನಗೆ ಅದನ್ನು ಕಲಿಯಲು ಮೂರು ಶನಿವಾರ ಹಿಡಿಯಿತು.