ಏಣಿ ಹೊತ್ತವರ ಐದನೇ ಚುನಾವಣೆ

ಬೆಳಗಿನ ಐದು ಗಂಟೆ. ಹಿತ್ತಿಲ ಗೇಟಿನಿಂದ ಮೊದಲು ಹೊರಬರುವುದು ಹದಿನಾಲ್ಕು ಅಡಿಯ ಮರದ ಏಣಿ. ಅದನ್ನು ಹೊತ್ತ ಮನುಷ್ಯ ಕಾಣಿಸಿಕೊಳ್ಳುವುದು ಆಮೇಲೆ. ತಲೆಗೆ ಬಣ್ಣ ಸಿಡಿದ ಟೋಪಿ, ಹೆಗಲಿಗೆ ಮೆತ್ತಗಿರಲೆಂದು ಮಡಿಸಿಟ್ಟ ಗೋಣಿಚೀಲ, ಇನ್ನೊಂದು ಹೆಗಲಿಗೆ ಬಲ್ಬುಗಳ ಬಟ್ಟೆಚೀಲ. ತಿರುವಿನಲ್ಲಿ ಏಣಿಯ ಹಿಂದುಗಡೆ ಯಾರ ಕಿಟಕಿಗೂ ತಾಗದಂತೆ ಅವರು ಅರ್ಧ ಸುತ್ತು ಹಾಕುವುದನ್ನು ನೋಡಬೇಕು. ಇಪ್ಪತ್ತು ವರ್ಷದ ಅಭ್ಯಾಸ ಅದು.

ಕಂಬದ ಬುಡದ ಪೆಟ್ಟಿಗೆ ತೆರೆದು ಸ್ವಿಚ್ ಆರಿಸುತ್ತಾರೆ, ಏಣಿ ಒರಗಿಸುತ್ತಾರೆ, ಒಮ್ಮೆ ಅಲ್ಲಾಡಿಸಿ ನೋಡಿ ಹತ್ತುತ್ತಾರೆ. ಎರಡು ನಿಮಿಷದಲ್ಲಿ ಹೊಸ ಬಲ್ಬು ಕೂರುತ್ತದೆ. ಆಸ್ಪತ್ರೆಯ ಬೆಳಗಿನ ಪಾಳಿಗೆ ಹೊರಟ ನರ್ಸಮ್ಮ ಕೆಳಗಿನಿಂದಲೇ ಕೂಗುತ್ತಾರೆ: "ಏಣಿಯಣ್ಣಾ, ಇವತ್ತೇ ಅಲ್ವಾ ಚೀಟಿ ಎತ್ತೋದು?"

"ಹೌದಮ್ಮಾ, ಹನ್ನೊಂದು ಗಂಟೆಗೆ."

"ಏಣಿನೇ ಸಿಗ್ಲಿ."

"ಸಿಗ್ದಿದ್ರೆ ಮನೇಲಿ ನಂಗೆ ಊಟ ಸಿಗಲ್ಲ," ಎನ್ನುತ್ತ ಇಳಿದು ಸ್ವಿಚ್ ಹಾಕುತ್ತಾರೆ. ಬೀದಿಗೆ ಬೆಳಕು ಬರುತ್ತದೆ.

ಏಣಿಯಣ್ಣನಿಗೆ ಐವತ್ತೆಂಟು ವರ್ಷ. ಹೊಟ್ಟೆಪಾಡಿಗೆ ಮನೆಗಳಿಗೆ ಬಣ್ಣ ಬಳಿಯುತ್ತಾರೆ. ಉಳಿದ ಹೊತ್ತಿನಲ್ಲಿ ರಾಜಕಾರಣಿ. ಊರಿನಲ್ಲಿ ಎರಡು ದೊಡ್ಡ ಪಕ್ಷಗಳಿವೆ; ಇವರದು ಮೂರನೆಯದು. ಅದಕ್ಕೊಂದು ಉದ್ದನೆಯ ಹೆಸರಿದೆ, ಆದರೆ ಜನ ಮೂರನೇ ಪಕ್ಷವೆಂದೇ ಕರೆಯುತ್ತಾರೆ. ವಾರ್ಡಿನಲ್ಲಿ ಹನ್ನೊಂದು ಜನ ಸದಸ್ಯರು. ಅವರಲ್ಲಿ ಹೆಂಡತಿ, ಅಕ್ಕ, ಭಾವ ಮೂವರು ಮನೆಯವರೇ. ಪಕ್ಷದ ಕಚೇರಿ ಎಂದರೆ ಇವರ ಮನೆಯ ಮುಂದಿನ ಕೋಣೆ. ಮೂಲೆಯಲ್ಲಿ ಬಣ್ಣದ ಡಬ್ಬಿಗಳು, ಗೋಡೆಯ ಮೇಲೆ ವಾರ್ಡಿನ ಕೈಬರಹದ ನಕ್ಷೆ. ಅದರಲ್ಲಿ ಅರವತ್ತನಾಲ್ಕು ಕಂಬಗಳಿಗೂ ನಂಬರು ಹಾಕಿದ್ದಾರೆ. ಕೆಟ್ಟ ಬಲ್ಬು ಬದಲಿಸಲು ಪುರಸಭೆ ಕೊಟ್ಟ ಅನುಮತಿ ಪತ್ರಕ್ಕೆ ಗಾಜು ಹಾಕಿಸಿ ಪಕ್ಕದಲ್ಲೇ ತೂಗುಹಾಕಿದ್ದಾರೆ. ಮದುವೆಯ ಫೋಟೋಗೂ ಆ ಭಾಗ್ಯ ಸಿಕ್ಕಿಲ್ಲವೆಂದು ಹೆಂಡತಿ ಆಗಾಗ ಚುಚ್ಚುತ್ತಾರೆ.

ದೊಡ್ಡ ಪಕ್ಷಗಳಿಗೆ ಕಾಯಂ ಚಿಹ್ನೆ ಇರುತ್ತದೆ. ಮೂರನೇ ಪಕ್ಷಕ್ಕೆ ಆ ಯೋಗವಿಲ್ಲ. ಪ್ರತಿ ಚುನಾವಣೆಯಲ್ಲೂ ಉಳಿದ ಚಿಹ್ನೆಗಳ ಪಟ್ಟಿಯಿಂದ ಒಂದನ್ನು ಕೇಳಿಕೊಳ್ಳಬೇಕು. ಇಬ್ಬರು ಒಂದನ್ನೇ ಕೇಳಿದರೆ ಚೀಟಿ ಎತ್ತುತ್ತಾರೆ. ಮೊದಲ ಸಲ ಇವರು ಫ್ಯಾನ್ ಗುರುತಿನಲ್ಲಿ ನಿಂತರು. ಬಂದದ್ದು ಹತ್ತೊಂಬತ್ತು ಮತ. "ಸದಸ್ಯರು ಹನ್ನೊಂದು, ಮತ ಹತ್ತೊಂಬತ್ತು. ಎಂಟು ಜನ ಹೊರಗಿನವರು ಹಾಕಿದ್ರಲ್ಲ ಅಂತ ಖುಷಿಪಟ್ಟೆ," ಎಂದು ಈಗಲೂ ನಗುತ್ತಾರೆ.

ಎರಡನೇ ಸಲ ಪಟ್ಟಿಯಲ್ಲಿ ಏಣಿ ಕಂಡಿತು. ಬಣ್ಣದ ಕೆಲಸದವನಿಗೆ ಇದಕ್ಕಿಂತ ಒಳ್ಳೆಯ ಗುರುತು ಯಾವುದಿದೆ? ಅದನ್ನೇ ಕೇಳಿ ಪಡೆದರು. ಸೋತರೂ ಮರ್ಯಾದೆಯ ಸೋಲು. ಮೂರನೇ ಸಲವೂ ಏಣಿ, ಒಂಬತ್ತು ಮತಗಳ ಗೆಲುವು! ಐದು ವರ್ಷ ಪುರಸಭೆಯ ಸದಸ್ಯರಾಗಿ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಕೆರೆಯ ಹಿಂದಿನ ಓಣಿಗೆ ಹನ್ನೊಂದು ಹೊಸ ಕಂಬ ಮಂಜೂರು ಮಾಡಿಸಿದರು. ಕಂಬಗಳು ಬಂದು ಪುರಸಭೆಯ ಅಂಗಳದಲ್ಲಿ ಮಲಗಿದವು. ನೆಡುವುದರೊಳಗೆ ಅವಧಿ ಮುಗಿಯಿತು.

ನಾಲ್ಕನೇ ಚುನಾವಣೆಯ ಕತೆ ಹೇಳುವಾಗ ಮಾತ್ರ ಅವರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿಯುತ್ತಾರೆ. ಆ ಸಲ ಐಸ್‌ಕ್ರೀಂ ಮಾರುವ ಪಕ್ಷೇತರನೊಬ್ಬನೂ ಏಣಿ ಕೇಳಿದ. ಚೀಟಿಯಲ್ಲಿ ಏಣಿ ಅವನ ಪಾಲಾಯಿತು. ಇವರಿಗೆ ಬಕೆಟ್ ಸಿಕ್ಕಿತು. ಆದರೆ ಹೆಗಲ ಮೇಲಿನ ಏಣಿ ಎಲ್ಲಿಗೆ ಹೋಗಬೇಕು? ಬೆಳಿಗ್ಗೆ ಬೆಳಿಗ್ಗೆ ಅದನ್ನು ಹೊತ್ತು ಬೀದಿ ಬೀದಿ ತಿರುಗಿದರೆ ಎದುರಾಳಿಯ ಪ್ರಚಾರವನ್ನು ತಾವೇ ಮಾಡಿದಂತೆ. ಹೆಂಡತಿ ಏಣಿಯನ್ನು ಹಿತ್ತಿಲ ಕೊಟ್ಟಿಗೆಯಲ್ಲಿಟ್ಟು ಬೀಗ ಜಡಿದರು. ನಾಲ್ಕನೇ ದಿನ ಕತ್ತಲೆಯ ಓಣಿಯಲ್ಲಿ ನರ್ಸಮ್ಮ ಎಡವಿ ಬಿದ್ದು ಕಾಲು ಉಳುಕಿಸಿಕೊಂಡರು. ಏಣಿಯಣ್ಣ ಬೀಗದ ಕೈ ಕೇಳಿದರು. ಹೆಂಡತಿ ಕೊಡಲಿಲ್ಲ. ಇವರು ಕೊಂಡಿಯನ್ನೇ ಕಿತ್ತರು.

ಮುಂದಿನ ಹದಿನಾರು ದಿನ ಏಣಿ ಬೀದಿಯಲ್ಲೇ ಇತ್ತು. ಫಲಿತಾಂಶದ ದಿನ ಮೂವತ್ತೆಂಟು ಮತಗಳಿಂದ ಸೋತರು. ಪ್ರಚಾರಕ್ಕೇ ಹೋಗದ ಐಸ್‌ಕ್ರೀಂನವನಿಗೆ ಇನ್ನೂರ ನಲವತ್ತೊಂದು ಮತ! ಪಾಪ, ಅವನೇ ಮನೆಗೆ ಬಂದು ಕೈ ಹಿಡಿದುಕೊಂಡ. "ಅಣ್ಣಾ, ನಮ್ಮ ಮನೇಲಿ ಇರೋದೇ ಐದು ವೋಟು. ಮಿಕ್ಕಿದ್ದು ಎಲ್ಲಿಂದ ಬಂತೋ ದೇವ್ರಾಣೆ ಗೊತ್ತಿಲ್ಲ."

ಅದರಲ್ಲಿ ಒಂದು ವೋಟು ಎಲ್ಲಿಂದ ಬಂತೆಂಬುದು ವಾರದ ಮೇಲೆ ತಿಳಿಯಿತು. ಪಕ್ಷದ ಕಾರ್ಯದರ್ಶಿಯೂ ಆಗಿರುವ ಅಕ್ಕ ಅಡುಗೆಮನೆಯಲ್ಲಿ ಅತ್ತುಬಿಟ್ಟರು. "ಬಕೆಟ್ ಬಕೆಟ್ ಅಂತ ಹೇಳ್ಕೊಂಡೇ ಒಳಗೆ ಹೋದೆ ಕಣೋ. ಏಣಿ ಕಂಡ ತಕ್ಷಣ ನಿನ್ನ ಮುಖ ಕಂಡಂಗಾಯ್ತು. ಕೈ ತಾನಾಗೇ ಹೋಯ್ತು."

ಅಕ್ಕನಿಗೆ ಅವರೇ ಸಮಾಧಾನ ಹೇಳಬೇಕಾಯಿತು. ಹೆಂಡತಿಯನ್ನು ಸಮಾಧಾನಪಡಿಸಲು ತಿಂಗಳೇ ಹಿಡಿಯಿತು. ಕೊನೆಗೆ ಒಂದು ಮಾತು ಕೊಟ್ಟರು: ಇನ್ನು ಮುಂದೆ ಏಣಿ ಬೇರೆಯವರ ಪಾಲಾದರೆ ಮತದಾನ ಮುಗಿಯುವ ತನಕ ಅದು ಕೊಟ್ಟಿಗೆಯಿಂದ ಹೊರಬರುವುದಿಲ್ಲ.

ಆಮೇಲಿನ ಐದು ವರ್ಷವೂ ಅವರು ಸುಮ್ಮನೆ ಕೂತವರಲ್ಲ. ವಾರಕ್ಕೆ ಏಳೆಂಟು ಬಲ್ಬು ಬದಲಿಸುತ್ತಾರೆ. ಅಂಗಳದಲ್ಲಿ ತುಕ್ಕು ಹಿಡಿಯುತ್ತಿರುವ ಹನ್ನೊಂದು ಕಂಬಗಳ ಬಗ್ಗೆ ನಲವತ್ಮೂರು ಅರ್ಜಿ ಬರೆದಿದ್ದಾರೆ. ಮಾಜಿ ಸದಸ್ಯರ ಅರ್ಜಿ ಫೈಲಿಗೆ ಹೋಗುತ್ತದೆ, ಅಲ್ಲೇ ಉಳಿಯುತ್ತದೆ. ಸಭೆಯಲ್ಲಿ ಎದ್ದು ಕೇಳಲು ಸದಸ್ಯನೇ ಆಗಬೇಕು. ದೊಡ್ಡ ಪಕ್ಷಗಳೆರಡೂ ಇವರನ್ನು ಕರೆದಿವೆ, ಚಿಹ್ನೆಯ ತಲೆನೋವೇ ಇರುವುದಿಲ್ಲವೆಂದು ಆಸೆ ತೋರಿಸಿವೆ. "ಅಲ್ಲಿಗೆ ಹೋದ್ರೆ ಯಾವ ಬೀದಿಗೆ ಮೊದಲು ಬಲ್ಬು ಹಾಕ್ಬೇಕು ಅಂತ ಇನ್ನೊಬ್ಬರನ್ನ ಕೇಳ್ಬೇಕು," ಎನ್ನುತ್ತಾರೆ. "ನಂಗೆ ಕಂಬದ ನಂಬರು ಗೊತ್ತು. ಯಾರ ಬೀದಿಗೆ ಬೆಳಕು ಬೇಡ ಅಂತ ಲೆಕ್ಕ ಹಾಕೋದು ಗೊತ್ತಿಲ್ಲ."

ಹನ್ನೊಂದು ಗಂಟೆಗೆ ಚುನಾವಣಾಧಿಕಾರಿಯ ಕೋಣೆ ತುಂಬಿದೆ. ಈ ಸಲ ಏಣಿ ಕೇಳಿರುವವರು ಸಿಮೆಂಟ್ ಅಂಗಡಿಯ ಯಜಮಾನರು. ಅವರು ಪಕ್ಷೇತರರು, ಆದರೆ ಅವರ ಹಿಂದೆ ನಿಂತವರೆಲ್ಲ ದೊಡ್ಡ ಪಕ್ಷವೊಂದರ ಪರಿಚಿತ ಮುಖಗಳು. ಹೋದ ಸಲದ ಆಕಸ್ಮಿಕವನ್ನು ಯಾರೋ ಚೆನ್ನಾಗಿ ಗಮನಿಸಿದ್ದಾರೆ. ಗುಮಾಸ್ತೆ ಸ್ಟೀಲ್ ಡಬ್ಬಿಯನ್ನು ಕುಲುಕಿ, ಮುಖ ಆಚೆ ತಿರುಗಿಸಿ, ಒಂದು ಚೀಟಿ ಎತ್ತುತ್ತಾರೆ. ಬಿಡಿಸಿ ಓದುತ್ತಾರೆ. ಸಿಮೆಂಟ್ ಅಂಗಡಿ.

ಏಣಿಯಣ್ಣ ಪಟ್ಟಿಯ ಮೇಲೆ ಬೆರಳಾಡಿಸಿ ಕೊಡೆಯನ್ನು ಆರಿಸಿಕೊಳ್ಳುತ್ತಾರೆ. ಥಟ್ಟನೆ ಸಹಿ ಹಾಕುತ್ತಾರೆ. ಆದರೆ ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳಲು ತುಂಬಾ ಹೊತ್ತು ತೆಗೆದುಕೊಳ್ಳುತ್ತಾರೆ. ಸಂಜೆ ಅವರೇ ಏಣಿಯನ್ನು ಕೊಟ್ಟಿಗೆಯೊಳಗಿಟ್ಟು, ಬೀಗ ಹಾಕಿ, ಕೀಲಿಯನ್ನು ಹೆಂಡತಿಯ ಕೈಗೆ ಕೊಡುತ್ತಾರೆ.

ಮಾರನೆಯ ಬೆಳಿಗ್ಗೆ ಐದು ಗಂಟೆ. ಏಣಿಯಣ್ಣ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಾರೆ. ಎದುರಿಗೆ ನರ್ಸಮ್ಮನ ಓಣಿ ಕತ್ತಲೆಯಲ್ಲಿದೆ. ಇಪ್ಪತ್ತೇಳನೇ ಕಂಬದ ಬಲ್ಬು ಕೆಟ್ಟಿದೆ. ಅವರಿಗೆ ಅದು ಕಾಣುತ್ತಿದೆ. ಅವರು ಕೊಟ್ಟ ಮಾತಿಗೆ ಕಟ್ಟುಬಿದ್ದು ಕೂತಿದ್ದಾರೆ. ಅಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕದಾಗಿ ಕೂತದ್ದನ್ನು ನೋಡಿದರೆ ಯಾರಿಗಾದರೂ ಸಂಕಟವಾಗುತ್ತದೆ.

ಹಿಂದಿನಿಂದ ಬೀಗ ತೆಗೆದ ಸದ್ದು.

"ಏಳ್ರೀ," ಎನ್ನುತ್ತಾರೆ ಹೆಂಡತಿ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ. "ಆ ನರ್ಸ್ ಹುಡುಗಿ ಇನ್ನೊಂದ್ಸಲ ಬಿದ್ರೆ ನಿಮ್ಮ ಮುಖ ನೋಡೋಕಾಗಲ್ಲ ನಂಗೆ."

"ಮಾತು ಕೊಟ್ಟಿದೀನಲ್ಲೇ."

"ಮಾತು ತಗೊಂಡವಳು ನಾನು. ವಾಪಸ್ ಕೊಟ್ಟೆ, ಸರಿನಾ?"

"ಇದು ಸಿಮೆಂಟ್ ಅಂಗಡಿಯವರ ಗುರುತು. ವೋಟೆಲ್ಲ ಅವರಿಗೇ ಹೋಗುತ್ತೆ."

"ಹೋದ್ರೆ ಹೋಗ್ಲಿ. ನಾನು ಇನ್ನೊಂದು ಕೈಯಲ್ಲಿ ಕೊಡೆ ಹಿಡ್ಕೊಂಡು ಬರ್ತೀನಿ, ನಡೀರಿ," ಎಂದು ಹೆಂಡತಿ ಏಣಿಯ ಹಿಂದಿನ ತುದಿಗೆ ಹೆಗಲು ಕೊಡುತ್ತಾರೆ.

ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ಏಣಿಯನ್ನು ಇಬ್ಬರು ಹೊತ್ತಿದ್ದಾರೆ. ಮೋಡದ ಸುಳಿವೇ ಇಲ್ಲದ ಬೆಳಗಿನಲ್ಲಿ ಕೊಡೆ ಬಿಚ್ಚಿಕೊಂಡು ಬರುವ ಹೆಂಗಸನ್ನು ಕಂಡು ಪತ್ರಿಕೆ ಹಾಕುವವರು ಸೈಕಲ್ ನಿಲ್ಲಿಸುತ್ತಾರೆ. ತಿರುವಿನಲ್ಲಿ ಈಗ ಅರ್ಧ ಸುತ್ತು ಹಾಕಬೇಕಾಗಿಲ್ಲ, ಹಿಂದಿನವರು ನೋಡಿಕೊಳ್ಳುತ್ತಾರೆ.

ಗೆಲ್ಲುತ್ತೀರಾ ಎಂದು ಕೇಳಿದರೆ ಏಣಿಯಣ್ಣ ಕಂಬದ ಬುಡದ ಪೆಟ್ಟಿಗೆ ತೆರೆದು ಸ್ವಿಚ್ ಆರಿಸುತ್ತಾರೆ. "ಆ ಹನ್ನೊಂದು ಕಂಬ ನೆಡಿಸ್ಬೇಕು, ಅಷ್ಟೇ ಆಸೆ. ಗೆದ್ರೆ ಬೇಗ ಆಗುತ್ತೆ, ಸೋತ್ರೆ ನಲವತ್ನಾಲ್ಕನೇ ಅರ್ಜಿ ಬರೀತೀನಿ." ಏಣಿಯನ್ನು ಒರಗಿಸಿ, ಒಮ್ಮೆ ಅಲ್ಲಾಡಿಸಿ, ಮೊದಲ ಮೆಟ್ಟಿಲ ಮೇಲೆ ಕಾಲಿಡುತ್ತಾರೆ. "ಏಣಿ ಯಾರ ಗುರುತಾದ್ರೂ ಆಗ್ಲಿ ಬಿಡಿ. ಹತ್ತೋನು ನಾನೇ ಅಲ್ವಾ?"