ಸರದಾರನನ್ನು ಸಾಯಿಸುವ ಹೊತ್ತು

ನಮ್ಮ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ. ಟೀವಿಯ ಸದ್ದು ಇಳಿಸಿ ಎಂದರೆ ಇಳಿಯುವುದಿಲ್ಲ, ಪಲ್ಯಕ್ಕೆ ಖಾರ ಕಡಿಮೆ ಹಾಕು ಎಂದರೆ ಒಂದು ಚಮಚ ಹೆಚ್ಚೇ ಬೀಳುತ್ತದೆ. ಸಾಲಿಯಲ್ಲಿ ಮಾಸ್ತರನಾದರೂ ಅಲ್ಲಿಯ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಅಂಥ ನನಗೆ ರವಿವಾರ ಸಂಜೆ ಮಾತ್ರ ದೇವರ ಪದವಿ. ನಾನು ಮಳೆ ಎಂದರೆ ಮಳೆ, ಹುಲಿ ಎಂದರೆ ಹುಲಿ.

ಈ ಪದವಿ ಕೊಟ್ಟವನು ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದ ಮಲೇಶಿಯಾದ ಹುಡುಗ. ಡಾಕ್ಟರ್ ಓದು ಮುಗಿಸಿ ದೇಶಕ್ಕೆ ಹೊರಟಾಗ ಒಂದು ಪೆಟ್ಟಿಗೆಯನ್ನು ನನಗೆ ಕೊಟ್ಟು ಹೋದ. ಒಳಗೆ ಒಂದು ದಪ್ಪ ಪುಸ್ತಕ, ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ಬಣ್ಣದ ದಾಳಗಳು. ಪಗಡೆಗಿದ್ದಂತೆ ಹಾಸಿಲ್ಲ, ಕಾಯಿಲ್ಲ. ಒಬ್ಬ ಆಟದ ಯಜಮಾನನಾಗಿ ಕತೆ ನಡೆಸಬೇಕು: ಎದುರಿಗೆ ಗವಿ ಇದೆ, ಒಳಗೆ ಏನೋ ಉಸಿರಾಡುತ್ತಿದೆ, ಹೀಗೆ. ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಗೆಲುವು ಸೋಲು ದಾಳದ ಮೇಲೆ. ಆದರೆ ಯಜಮಾನ ಬಾಯಿಬಿಟ್ಟು ಹೇಳುವವರೆಗೆ ಯಾವುದೂ ಆದಂತಲ್ಲ.

ನಮ್ಮ ಕಡೆಯ ದೊಡ್ಡಾಟದಲ್ಲಿ ಸಾರಥಿ ಇರುತ್ತಾನಲ್ಲ, ಕುಣಿದು ಬಂದ ವೇಷವನ್ನು ತಡೆದು ಯಾರು ಏನು ಎಂದು ವಿಚಾರಿಸುವವನು, ಅವನ ಕೆಲಸವೇ ನನ್ನದು ಎಂದು ಬೀಗಿದೆ. ಬೀಗಿದ್ದು ಬಹಳ ದಿನ ಉಳಿಯಲಿಲ್ಲ. ಸಾರಥಿಗೆ ಮುಂದಿನ ಕತೆ ಗೊತ್ತಿರುತ್ತದೆ. ನನಗೆ ಸಿಕ್ಕ ಆಟಗಾರರೋ ಹೆಂಡತಿ ನಿರ್ಮಲಾ, ಬಾಜು ಮನೆಯ ಪಾಟೀಲರು, ಮತ್ತು ಖಾನಾಪುರದಿಂದ ಬಸ್ಸು ಹತ್ತಿ ಬರುವ ನನ್ನ ಅಕ್ಕ. ಪುಸ್ತಕದ ಪ್ರಕಾರ ರಾಕ್ಷಸನನ್ನು ಕಂಡ ಕೂಡಲೇ ಕತ್ತಿ ಹಿರಿಯಬೇಕು. ನಾನು ವಾರವಿಡೀ ತಯಾರಿ ಮಾಡಿ, ಬೆಂಕಿ ಉಗುಳುವ ಒಬ್ಬನನ್ನು ಕೋಟೆ ಬಾಗಿಲಲ್ಲಿ ನಿಲ್ಲಿಸಿದರೆ ಪಾಟೀಲರು ಅವನಿಗೆ ಕೈಮುಗಿದು, "ನಮಸ್ಕಾರ್ರಿ. ಯಾವೂರ್ರಿ ತಮ್ದು?" ಎಂದು ಕೇಳಿದರು.

ರಾಕ್ಷಸನಿಗೂ ಒಂದು ಊರು ಬೇಕಾಗಬಹುದೆಂದು ನಾನು ಯೋಚಿಸಿರಲಿಲ್ಲ. ಗಡಿಬಿಡಿಯಲ್ಲಿ ನಂದಗಡ ಎಂದುಬಿಟ್ಟೆ, ಅದು ಅಕ್ಕನ ಖಾನಾಪುರದ ಪಕ್ಕದ ಊರು.

"ನಂದಗಡದಾಗ ಯಾರ ಪೈಕಿ?" ಎಂದಳು ಅಕ್ಕ, ಕೂತಲ್ಲಿಂದ ಮುಂದೆ ಸರಿದು. ಆ ಸಂಜೆ ಯುದ್ಧ ಆಗಲಿಲ್ಲ. ರಾಕ್ಷಸನ ತಾಯಿಯ ತವರುಮನೆಯವರೆಗೂ ಸಂಬಂಧ ಹುಡುಕಿದ ಮೇಲೆ ಅವನೇ ಕೋಟೆಯ ಬಾಗಿಲು ತೆರೆಯಬೇಕಾಯಿತು.

ಅಕ್ಕನ ಪಾತ್ರ ಸಿದ್ದೋಜಿ ಸರದಾರ. ಗಿರಿಜಾ ಮೀಸೆ, ಕರಿ ಕುದುರೆ, ಸೊಂಟಕ್ಕೆ ಕತ್ತಿ. ಖಾನಾಪುರದ ಮನೆಯಲ್ಲಿ ದನಿ ಏರಿಸಿದವಳಲ್ಲ, ಇಲ್ಲಿ ಮಾತ್ರ "ಯಾರಲೇ ಅಂವಾ?" ಎಂದು ಗುಡುಗುತ್ತಿದ್ದಳು. ಅದನ್ನು ಕೇಳುವುದಕ್ಕಾಗಿಯೇ ನಾನು ಆಟ ನಡೆಸುತ್ತಿದ್ದೆ ಎಂದರೂ ಸುಳ್ಳಲ್ಲ.

ಹೀಗಿರುವಾಗ ಅಕ್ಕನ ಗಂಡ, ನಮ್ಮ ಮಾಮಾ, ಎದೆನೋವೆಂದು ಬೆಳಗಾವಿಯ ದವಾಖಾನೆ ಸೇರಿದರು. ಸೋಮವಾರ ಮುಂಜಾನೆ ಹೃದಯದ ಆಪರೇಶನ್ ಎಂದು ಗೊತ್ತಾಯಿತು. ರವಿವಾರ ಸಂಜೆ ಮಗ ಅವರ ಬಳಿ ಕೂತು, ತಾಯಿಯನ್ನು ಸ್ವಲ್ಪ ವಿಶ್ರಾಂತಿಗೆಂದು ನಮ್ಮ ಮನೆಗೆ ಕಳಿಸಿದ್ದ. ಬಂದವಳು ಗೋಡೆ ನೋಡುತ್ತ ಕೂತಳು. ಮನಸ್ಸು ಬೇರೆ ಕಡೆ ಹರಿಯಲಿ ಎಂದು ನಿರ್ಮಲಾ ದಾಳಗಳನ್ನು ತಂದಿಟ್ಟಳು, ಪಾಟೀಲರೂ ಬಂದರು.

ಸರದಾರ ತೂಗುಸೇತುವೆ ದಾಟುತ್ತಿದ್ದ. ಅಕ್ಕ ದಾಳ ಉರುಳಿಸಿದಳು. ಒಂದು ಬಿತ್ತು. ಇಪ್ಪತ್ತು ಮುಖಗಳಲ್ಲಿ ಅದಕ್ಕಿಂತ ಕೆಟ್ಟ ಮುಖವಿಲ್ಲ. ಪುಸ್ತಕದ ಪ್ರಕಾರ ಸಿದ್ದೋಜಿ ಸತ್ತ, ನಾನು ಬಾಯಿಬಿಟ್ಟು ಹೇಳುವುದಷ್ಟೇ ಬಾಕಿ. ನಿರ್ಮಲಾ ಅದೇ ಆಗ ದೇವರ ಮುಂದೆ ದೀಪ ಹಚ್ಚಿ ಬಂದಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಸ್ತು ದೇವತೆಗಳು ಮನೆಯ ಮೇಲೆ ಸುಳಿದಾಡುತ್ತಿರುತ್ತಾರೆ, ಆಡಿದ ಮಾತಿಗೆಲ್ಲ ಅಸ್ತು ಎಂದುಬಿಡುತ್ತಾರೆ, ಕೆಟ್ಟದ್ದು ನುಡಿಯಬೇಡ ಎಂದು ಚಿಕ್ಕಂದಿನಲ್ಲಿ ನನ್ನ ಬಾಯಿಯ ಮೇಲೆ ಹೊಡೆದು ಕಲಿಸಿದವಳು ಇದೇ ಅಕ್ಕ. ಈಗ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ವಿಜ್ಞಾನದ ಮಾಸ್ತರ. ಇದೆಲ್ಲ ಮೂಢನಂಬಿಕೆ ಎಂದು ಬೋರ್ಡಿನ ಮೇಲೆ ಬರೆಸಿದವನು. ಆದರೂ ನನ್ನ ನಾಲಿಗೆ ಏಳಲಿಲ್ಲ.

"ಮಾಸ್ತರ್ರ, ಚಾ ಕುಡಿಯೂಣ್ರಿ ಮೊದ್ಲ," ಎಂದರು ಪಾಟೀಲರು. ಆ ಮನುಷ್ಯನನ್ನು ಅಪ್ಪಿಕೊಳ್ಳಬೇಕೆನಿಸಿತು. ಚಹಾ ಕುಡಿದೆವು. ದಾಳಗಳು ಪೆಟ್ಟಿಗೆ ಸೇರಿದವು, ಸರದಾರ ಸೇತುವೆಯ ಮೇಲೆಯೇ ಉಳಿದ.

ಮರುದಿನ ದವಾಖಾನೆಯಲ್ಲಿ ಆಪರೇಶನ್ ಮಾಡಿದ ಡಾಕ್ಟರರು ಹೊರಗೆ ಬಂದರು. ನಾವೆಲ್ಲ ಎದ್ದು ನಿಂತೆವು. ಅವರು ಬಾಯಿಗೆ ಕಟ್ಟಿದ ಬಟ್ಟೆಯ ಗಂಟು ಬಿಚ್ಚುವಷ್ಟು ಹೊತ್ತು ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಫಲಿತಾಂಶ ಹೇಳುವ ಮೊದಲು ಮಜಾ ಬರಲಿ ಎಂದು ಬೇಕಂತಲೇ ಸುಮ್ಮನೆ ಕೂರುವುದು ಆಟದಲ್ಲಿ ನನ್ನ ಶೈಲಿಯಾಗಿತ್ತು. ಆ ಶೈಲಿಯನ್ನು ಅಲ್ಲಿಯೇ ಬಿಟ್ಟೆ.

"ಛಲೋ ಆತ್ರಿ. ಕಾಳಜಿ ಮಾಡಬ್ಯಾಡ್ರಿ," ಎಂದರು ಡಾಕ್ಟರರು. ಅಕ್ಕ ನೆಲಕ್ಕೆ ಕುಸಿದು ಕೂತು ಅತ್ತಳು, ನಾನು ಕಂಬ ಹಿಡಿದುಕೊಂಡು ಅತ್ತೆ. ಏನಾಗಬೇಕೆಂದು ಹೇಳುವ ಕುರ್ಚಿಯಲ್ಲಿ ನಾನು ಇಲ್ಲದಿರುವುದು ಎಷ್ಟು ಸುಖ ಎಂದು ಅಂದು ತಿಳಿಯಿತು.

ಮಾಮಾಗೆ ಇನ್ನು ಮನೆಯ ಗಂಜಿ ಕೊಡಬಹುದು ಎಂದು ಡಾಕ್ಟರರು ಹೇಳಿದ ದಿನ, ಅಕ್ಕ ಡಬ್ಬಿಗೆ ಗಂಜಿ ತುಂಬಿ ಹೊರಟವಳು ನನ್ನ ಮುಂದೆ ನಿಂತಳು. "ಬಸೂ, ಅವತ್ತು ಒಂದು ಬಿದ್ದಿತ್ತಲ್ಲ. ಈಗ ಹೇಳು."

"ಏನ ಹೇಳ್ಲಿ?"

"ಸಿದ್ದೋಜಿ ಸತ್ತ ಅಂತ. ಬಿದ್ದದ್ದ ಬಿತ್ತು, ಆಟದಾಗ ಮೋಸ ಬ್ಯಾಡ. ದೀಪ ಹಚ್ಚೂದ್ರೊಳಗ ಹೇಳಿ ಮುಗಸು."

ಇಂಥ ಅವಕಾಶ ಯಾವ ಯಜಮಾನ ಬಿಡುತ್ತಾನೆ? ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: ಆಕಾಶ ಕೆಂಪಾಯಿತು, ಕೆಳಗೆ ನದಿ ಮೊರೆಯಿತು, ಕರಿ ಕುದುರೆ ದಂಡೆಯ ಮೇಲೆ ನಿಂತು ಒಡೆಯನಿಗಾಗಿ...

"ಲಗೂ ಸಾಯಿಸೋ ಅವನ್ನ! ಗಂಜಿ ಆರಾಕತ್ತೈತಿ."

"ಸತ್ತ," ಎಂದೆ.

"ಪಾಪ," ಎಂದಳು ಅಕ್ಕ. ಚಪ್ಪಲಿ ಮೆಟ್ಟಿ, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬೀದಿಯಲ್ಲಿ ಹೊರಟಿದ್ದ ರಿಕ್ಷಾವನ್ನು ಸರದಾರನ ದನಿಯಲ್ಲೇ ಕೂಗಿ ನಿಲ್ಲಿಸಿದಳು. ಒಬ್ಬ ಸತ್ತ ಸುದ್ದಿಯನ್ನು ಇಷ್ಟು ಅವಸರದಲ್ಲಿ ಕೇಳಿ ಮುಗಿಸುವ ಮನೆಯಲ್ಲಿ ಎಲ್ಲರೂ ಬದುಕಿದ್ದಾರೆ ಎಂದೇ ಲೆಕ್ಕ.